ಅರವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಪತ್ತೇದಾರಿ ಕಾದಂಬರಿ

ಪ್ರಶ್ನೆ: ನನಗೆ 63 ವರ್ಷ. 35 ವರ್ಷ ಲೆಕ್ಕಪರಿಶೋಧಕಿಯಾಗಿ ದುಡಿದು ನಿವೃತ್ತಳಾಗಿದ್ದೇನೆ. ರಕ್ತಪಾತದ ವರ್ಣನೆಯಿಲ್ಲದ, ಸಣ್ಣ ಊರೊಂದರಲ್ಲಿ ನಡೆಯುವ, ಪೊಲೀಸರಲ್ಲದ ಸಾಮಾನ್ಯರೊಬ್ಬರು ಕೊಲೆಯ ಗುಟ್ಟನ್ನು ಬಿಡಿಸುವ ‘ಕೋಜಿ ಮಿಸ್ಟರಿ’ ಎಂಬ ಬಗೆಯ ಕಾದಂಬರಿಗಳನ್ನು ಜೀವನವಿಡೀ ಓದಿದ್ದೇನೆ. ಈಗ ನಾನೇ ಒಂದನ್ನು ಬರೆಯಲು ಕುಳಿತು 60 ಪುಟಗಳಾಗಿವೆ. ಓದಿದ ಮಗಳು, ‘ಅಮ್ಮ, ಇನ್ನೂ ಏನೂ ನಡೆದೇ ಇಲ್ಲ, ಆದರೂ ಕೊಲೆಗಾರ ಯಾರೆಂದು ಗೊತ್ತಾಗಿಹೋಯಿತು’ ಎಂದಳು. ಈ ವಯಸ್ಸಿನಲ್ಲಿ ಕಾದಂಬರಿಗಾರ್ತಿಯಾಗಲು ಸಾಧ್ಯವೇ? ಸಾಧ್ಯವಿದ್ದರೆ ಎಲ್ಲಿಂದ ತಿದ್ದಲಿ? ಪೊಲೀಸ್ ತನಿಖೆ, ವಿಷ, ಶವಪರೀಕ್ಷೆಗಳ ಬಗ್ಗೆ ನನಗೇನೂ ತಿಳಿಯದು.

ಉತ್ತರ: ವಯಸ್ಸಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಮೂರರಲ್ಲಿ ಸುಲಭದ್ದು. ಕೆನಡಾದ ಅಲನ್ ಬ್ರಾಡ್ಲಿ ಹುಟ್ಟಿದ್ದು 1938ರಲ್ಲಿ. ವಿಶ್ವವಿದ್ಯಾಲಯವೊಂದರ ದೂರದರ್ಶನ ವಿಭಾಗದಲ್ಲಿ ದುಡಿದು ನಿವೃತ್ತರಾಗಿದ್ದ ಅವರು, ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ ಹೊಸ ಲೇಖಕರಿಗಾಗಿ ನಡೆಸುವ ಸ್ಪರ್ಧೆಯಲ್ಲಿ 2007ರಲ್ಲಿ ಬಹುಮಾನ ಪಡೆದದ್ದು ಇನ್ನೂ ಮುಗಿಯದಿದ್ದ ಕಾದಂಬರಿಯ ಆರಂಭದ ಪುಟಗಳಿಗೆ. ಪುಸ್ತಕ 2009ರಲ್ಲಿ ಹೊರಬಂದಾಗ ಅವರಿಗೆ 70 ವರ್ಷ, ಅವರ ಪತ್ತೇದಾರಿಣಿಗೆ 11 ವರ್ಷ. ಅಮೆರಿಕದ ಪತ್ರಕರ್ತೆ ಲಿಲಿಯನ್ ಜಾಕ್ಸನ್ ಬ್ರೌನ್ 1966ರಿಂದ 1968ರ ನಡುವೆ ಮೂರು ಕಾದಂಬರಿಗಳನ್ನು ಪ್ರಕಟಿಸಿದರು. ಆಮೇಲೆ 18 ವರ್ಷಗಳ ಮೌನ. ವೃತ್ತಿಯಿಂದ ನಿವೃತ್ತರಾದ ಮೇಲೆ, 1986ರಲ್ಲಿ, ಎಪ್ಪತ್ತು ದಾಟಿದ್ದ ಅವರು ಅದೇ ಸರಣಿಯನ್ನು ಮತ್ತೆ ಕೈಗೆತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಆದ್ದರಿಂದ ಬಾಗಿಲು ಮುಚ್ಚಿಲ್ಲ. ಆದರೆ ಈ ಉದಾಹರಣೆಗಳಿಂದ ಅದಕ್ಕಿಂತ ಹೆಚ್ಚಿನದನ್ನು ನಾವು ತೀರ್ಮಾನಿಸಬಾರದು. ಬಹಳ ಬದುಕಿ ನೋಡಿದ್ದೇವೆ ಎಂಬ ಒಂದೇ ಕಾರಣಕ್ಕೆ ಕಾದಂಬರಿ ತಾನಾಗಿ ಒದಗಿ ಬರುವುದಿಲ್ಲ. ವಯಸ್ಸು ನಿಮಗೆ ಕೊಟ್ಟಿರುವುದು ಸಾಮಗ್ರಿಯನ್ನು. ಕಟ್ಟುವ ಕಸುಬನ್ನು ಇಪ್ಪತ್ತರ ಹುಡುಗಿ ಕಲಿಯುವಂತೆಯೇ ನೀವೂ ಮೊದಲಿನಿಂದ ಕಲಿಯಬೇಕು. ತಡವಾಗಿ ಬರೆಯಲು ಹೊರಟವರ ಹಸ್ತಪ್ರತಿಗಳನ್ನು ಹಲವು ವರ್ಷಗಳಿಂದ ತಿದ್ದುತ್ತ ಬಂದಿರುವ ನನ್ನ ಅನುಭವದಲ್ಲಿ, ಈ ಎರಡರ ವ್ಯತ್ಯಾಸವನ್ನು ಒಪ್ಪಿಕೊಂಡವರು ಪುಸ್ತಕ ಮುಗಿಸುತ್ತಾರೆ, ಒಪ್ಪದವರು ಮೊದಲ ಐದು ಅಧ್ಯಾಯಗಳನ್ನೇ ಮತ್ತೆ ಮತ್ತೆ ಬರೆಯುತ್ತಿರುತ್ತಾರೆ.

ಇನ್ನು ನಿಮ್ಮ ಮಗಳ ಮಾತು. ಏನೂ ನಡೆದಿಲ್ಲ ಎನ್ನುವುದು ಒಂದು ದೂರು, ಕೊಲೆಗಾರ ಗೊತ್ತಾಯಿತು ಎನ್ನುವುದು ಇನ್ನೊಂದು ದೂರು ಎಂದು ನೀವು ಭಾವಿಸಿರಬಹುದು. ಎರಡರ ಮೂಲವೂ ಒಂದೇ ಎಂದು ನನಗೆ ತೋರುತ್ತದೆ: ನೀವು ಪತ್ತೆಯ ಕಥೆಯನ್ನು ಬರೆಯಲು ತೊಡಗಿದ್ದೀರಿ, ಅಪರಾಧದ ಕಥೆಯನ್ನು ಇನ್ನೂ ಕಟ್ಟಿಲ್ಲ. ಪತ್ತೇದಾರಿ ಕಾದಂಬರಿಯಲ್ಲಿ ಯಾವಾಗಲೂ ಎರಡು ಕಥೆಗಳಿರುತ್ತವೆ. ಒಂದು, ಓದುಗರು ಪುಟದ ಮೇಲೆ ಕಾಣುವ ವಿಚಾರಣೆ. ಇನ್ನೊಂದು, ಅದಕ್ಕೂ ಬಹಳ ಮೊದಲೇ ಆರಂಭವಾಗಿ ಪುಟದ ಹಿಂದೆ ಸಾಗುತ್ತಿರುವ ಕೊಲೆಗಾರನ ಕಥೆ. ಎರಡನೆಯದು ಇಡಿಯಾಗಿ, ತಾರೀಖು ಗಂಟೆಗಳ ಸಮೇತ ಲೇಖಕಿಯ ಕೈಯಲ್ಲಿ ಇಲ್ಲದಿದ್ದರೆ, ಮೊದಲನೆಯದರಲ್ಲಿ ನಡೆಸಲು ಏನೂ ಸಿಗುವುದಿಲ್ಲ. ಆಗ ಊರಿನ ವರ್ಣನೆ, ಪಾತ್ರಗಳ ಪೂರ್ವೇತಿಹಾಸ, ನಿವೃತ್ತ ಬದುಕಿನ ದಿನಚರಿ ಇವೇ ಪುಟಗಳನ್ನು ತುಂಬುತ್ತವೆ. ಕೊಲೆಗಾರನಾಗಬೇಕಾದವನ ಬಗ್ಗೆ ಲೇಖಕಿಗೆ ಅಸ್ಪಷ್ಟವಾದ ಅಂದಾಜು ಮಾತ್ರ ಇರುವುದರಿಂದ, ಅವನು ಬಂದಾಗಲೆಲ್ಲ ವಾಕ್ಯಗಳು ಸ್ವಲ್ಪ ಎಚ್ಚರದಿಂದ, ಸ್ವಲ್ಪ ಅನುಮಾನದಿಂದ ನಡೆಯುತ್ತವೆ, ಆ ಎಚ್ಚರವನ್ನೇ ಓದುಗರು ಹಿಡಿಯುತ್ತಾರೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಹಸ್ತಪ್ರತಿಯಲ್ಲಿ ಕೊಲೆಗಾರ ಯಾರೆಂದು ನಾನು ನಿರ್ಧರಿಸಿದ್ದು 18ನೆಯ ಅಧ್ಯಾಯದಲ್ಲಿ. ಅದಕ್ಕೆ ತಕ್ಕ ಹಾಗೆ ಹಿಂದಿನ 17 ಅಧ್ಯಾಯಗಳನ್ನು ಮತ್ತೆ ಕಟ್ಟಲು ಮೊದಲ ಬರವಣಿಗೆಗಿಂತ ಹೆಚ್ಚು ಕಾಲ ಹಿಡಿಯಿತು.

ಅಪರಾಧದ ಕಥೆಯನ್ನು ಕಟ್ಟುವುದು ಹೇಗೆ ಎನ್ನುವುದಕ್ಕೆ ನಿಮ್ಮ ವೃತ್ತಿಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ನಿಮಗೆ ಇಷ್ಟವಾದರೆ ಧಾರಾಳವಾಗಿ ಬಳಸಿಕೊಳ್ಳಿ. ಹಣ ವಸೂಲು ಮಾಡುವ ಗುಮಾಸ್ತ ವರ್ಷಾನುಗಟ್ಟಲೆ ಒಂದು ದಿನವೂ ರಜೆ ಹಾಕದಿದ್ದರೆ ಲೆಕ್ಕಪರಿಶೋಧಕರು ಅವನನ್ನು ಮೆಚ್ಚುವ ಮೊದಲು ಅವನ ವಹಿಗಳನ್ನು ನೋಡುತ್ತಾರೆ ಎನ್ನುವುದು ನಿಮಗೆ ಗೊತ್ತಿರುವ ವಿಷಯ. ಒಬ್ಬ ಸದಸ್ಯರು ಕಟ್ಟಿದ ಹಣವನ್ನು ಜೇಬಿಗೆ ಹಾಕಿ, ಅವರ ಬಾಕಿಯನ್ನು ಮುಂದಿನವರ ಹಣದಿಂದ ತೀರಿಸಿ, ಆ ಮುಂದಿನವರ ಬಾಕಿಯನ್ನು ಮತ್ತೊಬ್ಬರ ಹಣದಿಂದ ಮುಚ್ಚುತ್ತ ಹೋಗುವ, ಇವರ ಟೋಪಿ ಅವರಿಗೆ ಅವರ ಟೋಪಿ ಇವರಿಗೆ ಎಂಬಂಥ ಮೋಸ ನಡೆಯಬೇಕಾದರೆ, ಮೋಸಗಾರ ಪ್ರತಿದಿನವೂ ತನ್ನ ಕುರ್ಚಿಯಲ್ಲಿಯೇ ಇರಬೇಕು. ಎರಡು ವಾರ ಬೇರೆಯವರು ಆ ಕುರ್ಚಿಯಲ್ಲಿ ಕುಳಿತರೆ ಸರಪಳಿ ಹರಿಯುತ್ತದೆ. ಹಣದ ವ್ಯವಹಾರ ನಡೆಸುವ ಅನೇಕ ಸಂಸ್ಥೆಗಳು ನೌಕರರು ವರ್ಷಕ್ಕೊಮ್ಮೆ ಕಡ್ಡಾಯವಾಗಿ ಸತತ ರಜೆ ತೆಗೆದುಕೊಳ್ಳಬೇಕೆಂದು ನಿಯಮ ಮಾಡಿರುವುದು ಈ ಕಾರಣಕ್ಕೇ.

ಈಗ ಒಂದು ವಾಚನಾಲಯ ಸಂಘವನ್ನು ಕಲ್ಪಿಸಿಕೊಳ್ಳಿ. ಅದಕ್ಕೆ ಹನ್ನೊಂದು ವರ್ಷಗಳಿಂದ ಒಬ್ಬನೇ ಖಜಾಂಚಿ; ಸೌಮ್ಯ, ಎಲ್ಲರಿಗೂ ಬೇಕಾದವನು, ಒಂದು ದಿನವೂ ರಜೆ ಹಾಕದವನು. ಅಧ್ಯಕ್ಷೆ ಒರಟು ಮಾತಿನವರು. ಸಂಘದಲ್ಲಿ ಅವರಿಂದ ನೋಯದವರಿಲ್ಲ. ಅಂಥ ಅಧ್ಯಕ್ಷೆ ಒಂದು ಸಂಜೆಯ ಸಭೆಯಲ್ಲಿ, ಖಜಾಂಚಿಯ ಸೇವೆಯನ್ನು ಮನಸಾರೆ ಹೊಗಳಿ, ಸಂಘದ ಖರ್ಚಿನಲ್ಲಿ ಅವನನ್ನೂ ಅವನ ಹೆಂಡತಿಯನ್ನೂ ಹದಿನೈದು ದಿನಗಳ ಪ್ರವಾಸಕ್ಕೆ ಕಳುಹಿಸುವುದಾಗಿ ಪ್ರಕಟಿಸುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅವನು ಬೇಡವೆನ್ನುತ್ತಾನೆ, ಜನ ಅದನ್ನು ವಿನಯವೆಂದುಕೊಳ್ಳುತ್ತಾರೆ, ಅಧ್ಯಕ್ಷೆ ಪಟ್ಟು ಬಿಡುವುದಿಲ್ಲ. ನಾಲ್ಕು ದಿನಗಳ ನಂತರ ಅಧ್ಯಕ್ಷೆ ಸತ್ತು ಬಿದ್ದಿರುತ್ತಾರೆ. ಅವರನ್ನು ದ್ವೇಷಿಸಲು ಐವರಿಗೆ ಕಾರಣಗಳಿವೆ. ಅವರಿಗೆ ಋಣಿಯಾಗಿರಲು ಕಾರಣವಿರುವವನು ಖಜಾಂಚಿಯೊಬ್ಬನೇ. ಶೋಕಾಚರಣೆಯ ಸಲುವಾಗಿ ಪ್ರವಾಸವನ್ನು ರದ್ದು ಮಾಡಲಾಗುತ್ತದೆ, ಅದರಿಂದ ಯಾರಿಗೆ ಲಾಭವಾಯಿತೆಂದು ಯಾರೂ ಯೋಚಿಸುವುದಿಲ್ಲ.

ಇಲ್ಲಿ ಏನಾಯಿತು ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಿ, ಏಕೆಂದರೆ ಈ ಪ್ರಕಾರದ ಕಸುಬೆಲ್ಲ ಇದರಲ್ಲಿದೆ. ಅತಿ ಮುಖ್ಯವಾದ ಸುಳಿವು, ಹನ್ನೊಂದು ವರ್ಷ ರಜೆಯಿಲ್ಲದ ಸೇವೆ, ಮೊದಲನೆಯ ಅಧ್ಯಾಯದಲ್ಲೇ ಎಲ್ಲರ ಎದುರು ಗಟ್ಟಿಯಾಗಿ ಹೇಳಲ್ಪಟ್ಟಿದೆ. ಆದರೆ ಅದು ಹೊಗಳಿಕೆಯ ವೇಷದಲ್ಲಿ ಬಂದಿದೆ. ನಾವು ಗುಣವೆಂದು ಒಪ್ಪಿಕೊಂಡದ್ದನ್ನು ಮತ್ತೆ ಪರೀಕ್ಷಿಸುವುದಿಲ್ಲ. ಎರಡನೆಯ ಸುಳಿವು ಒಬ್ಬ ವಯಸ್ಸಾದ ಸದಸ್ಯೆಯ ದೂರಿನಲ್ಲಿ ಇರಲಿ: ಹಣ ಕಟ್ಟಿದ ಹತ್ತು ದಿನಗಳ ನಂತರದ ತಾರೀಖಿನ ರಸೀದಿ ತನಗೆ ಬಂದಿದೆ ಎಂದು ಆಕೆ ಗೊಣಗುತ್ತಾಳೆ, ಆಕೆ ಎಲ್ಲದಕ್ಕೂ ಗೊಣಗುವವಳಾದ್ದರಿಂದ ಆ ಮಾತು ಬಿದ್ದುಹೋಗುತ್ತದೆ. ಮೂರನೆಯದು, ನಡೆಯಬೇಕಾಗಿದ್ದೂ ನಡೆಯದೆ ಹೋದದ್ದು, ಅಂದರೆ ರದ್ದಾದ ಪ್ರವಾಸ. ಈ ಮೂರನ್ನೂ ಒಟ್ಟಿಗೆ ನೋಡಬಲ್ಲವಳು, ರಜೆ ಹಾಕದವನನ್ನು ಅನುಮಾನಿಸುವ ವೃತ್ತಿಯಿಂದ ಬಂದ ನಿಮ್ಮ ನಾಯಕಿ ಮಾತ್ರ. ಓದುಗರ ಮುಂದೆಯೂ ಅವೇ ಮೂರು ಸಂಗತಿಗಳಿದ್ದವು. ಅವನ್ನು ಜೋಡಿಸುವ ಕಣ್ಣು ಮಾತ್ರ ಅವರಿಗೆ ಇರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಆ ಕಣ್ಣು ಅವರಿಗೆ ದೊರೆತಾಗ ಹಿಂದಿನ ಪುಟಗಳೆಲ್ಲ ತಮ್ಮಷ್ಟಕ್ಕೆ ಹೊಸ ಅರ್ಥ ಪಡೆಯುತ್ತವೆ. ನಿಮ್ಮ 35 ವರ್ಷಗಳು ಕಾದಂಬರಿಗೆ ಉಪಯೋಗವಾಗುವುದು ಹೀಗೆ. ಬ್ಯಾಂಕು, ಆಸ್ಪತ್ರೆ, ಕಾರ್ಯಾಗಾರ, ಶಾಲೆ, ಯಾವುದೇ ವೃತ್ತಿಯಲ್ಲಿ ದೀರ್ಘಕಾಲ ಇದ್ದವರಿಗೆ ಹೊರಗಿನವರ ಕಣ್ಣಿಗೆ ಸಹಜವೆನಿಸುವ ಸಂಗತಿಯೊಂದು ಅಸಹಜವೆಂದು ಕಾಣುತ್ತದೆ. ಅಂಥ ಸಂಗತಿಗಳನ್ನು ನೆನಪು ಮಾಡಿಕೊಂಡು ಪಟ್ಟಿ ಮಾಡಿ. ಇಪ್ಪತ್ತು ಸಿಕ್ಕರೆ ಐದು ಕಾದಂಬರಿಗಳಿಗೆ ಸಾಕು.

ಸುಳಿವನ್ನು ಇಡುವ ಬಗ್ಗೆ ಇನ್ನಷ್ಟು ಹೇಳಬೇಕು. ನಿಮ್ಮ ಮಗಳಿಗೆ ಕೊಲೆಗಾರ ಗೊತ್ತಾದದ್ದು ನೀವು ಹೆಚ್ಚು ಸುಳಿವು ಕೊಟ್ಟದ್ದರಿಂದ ಎಂದು ತಿಳಿದು ಈಗ ಸುಳಿವುಗಳನ್ನು ತೆಗೆದುಹಾಕಲು ಹೊರಡಬೇಡಿ. ಸುಳಿವು ಕಡಿಮೆಯಾದಷ್ಟೂ ಉಳಿದ ಒಂದೆರಡು ಎದ್ದು ಕಾಣುತ್ತವೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದದ್ದು: ಸುಳಿವುಗಳನ್ನು ಹೆಚ್ಚಿಸಿ, ಆದರೆ ಪ್ರತಿಯೊಂದಕ್ಕೂ ಆ ಸನ್ನಿವೇಶದಲ್ಲಿ ಬೇರೊಂದು ಕೆಲಸ ಕೊಡಿ. ರಸೀದಿಯ ಗೊಣಗಾಟ ಆ ಮುದುಕಿಯ ಸ್ವಭಾವವನ್ನು ತೋರಿಸಲೆಂದು ಬಂದಂತಿರಲಿ. ಮುಖ್ಯವಾದ ವಸ್ತುವನ್ನು ಪಟ್ಟಿಯೊಂದರ ನಡುವೆ ಇಡಿ, ಏಕೆಂದರೆ ಓದುಗರು ಮೊದಲನೆಯದನ್ನೂ ಕೊನೆಯದನ್ನೂ ನೆನಪಿಡುತ್ತಾರೆ. ಸುಳಿವು ಬಂದ ಕೂಡಲೇ ಭಾವಾವೇಗದ ಘಟನೆಯೊಂದು, ಒಂದು ಜಗಳವೋ ಅನಿರೀಕ್ಷಿತ ಅತಿಥಿಯೋ, ಓದುಗರ ಗಮನವನ್ನು ಎಳೆದುಕೊಂಡು ಹೋಗಲಿ. ಸುಳಿವನ್ನೂ ಅದಕ್ಕೆ ಅರ್ಥ ಕೊಡುವ ಮಾಹಿತಿಯನ್ನೂ ಹತ್ತಿರ ಹತ್ತಿರ ಇಡಬೇಡಿ. ತಾರೀಖು ತಪ್ಪಿದ ರಸೀದಿ ಮೂರನೆಯ ಅಧ್ಯಾಯದಲ್ಲಿದ್ದರೆ, ವಹಿಯ ಸರಪಳಿ ಹೇಗೆ ನಡೆಯುತ್ತದೆಂಬ ವಿವರಣೆ ಹದಿನೈದನೆಯದರಲ್ಲಿ, ಬೇರೆ ಯಾವುದೋ ಹಳೆಯ ಪ್ರಕರಣದ ನೆನಪಾಗಿ ಬರಲಿ. ದಾರಿ ತಪ್ಪಿಸುವ ಸುಳಿವುಗಳಿಗೂ ಅವುಗಳದ್ದೇ ಆದ ನಿಜವಾದ ವಿವರಣೆ ಇರಬೇಕು. ಉಪಾಧ್ಯಕ್ಷರು ಅಂದು ರಾತ್ರಿ ಎಲ್ಲಿದ್ದರೆಂದು ಸುಳ್ಳು ಹೇಳಿದರೆ, ಅವರು ಮುಚ್ಚಿಡುತ್ತಿದ್ದ ಬೇರೆ ಗುಟ್ಟು ಒಂದಿರಬೇಕು, ಅದು ಕೊಲೆಯಷ್ಟು ದೊಡ್ಡದಲ್ಲದಿದ್ದರೂ ಅವರ ಮಟ್ಟಿಗೆ ಸುಳ್ಳು ಹೇಳುವಷ್ಟು ದೊಡ್ಡದಾಗಿರಬೇಕು. ಸುಮ್ಮನೆ ಅನುಮಾನ ಹುಟ್ಟಿಸಿ ಉತ್ತರ ಕೊಡದೆ ಬಿಟ್ಟರೆ ಓದುಗರು ಕ್ಷಮಿಸುವುದಿಲ್ಲ.

ಈ ಪ್ರಾಮಾಣಿಕತೆಯ ನಿಯಮ ಹಳೆಯದು. ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ 1929ರಲ್ಲಿ ಈ ಬಗೆಯ ಬರವಣಿಗೆಗೆ ಹತ್ತು ಕಟ್ಟಳೆಗಳನ್ನು ಬರೆದರು. ಮರುವರ್ಷ ಲಂಡನ್ನಿನಲ್ಲಿ ರೂಪುಗೊಂಡ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು ಓದುಗರಿಂದ ಮುಖ್ಯ ಸುಳಿವನ್ನು ಬಚ್ಚಿಡುವುದಿಲ್ಲವೆಂದು ಪ್ರತಿಜ್ಞೆಯನ್ನೇ ಮಾಡುತ್ತಿದ್ದರು. ನಾಕ್ಸ್ ಅವರ ಕಟ್ಟಳೆಗಳಲ್ಲಿ ಕೆಲವು ಇಂದಿಗೆ ಸಲ್ಲುವುದಿಲ್ಲ. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರ ಕಂಡ ಸುಳಿವನ್ನು ಓದುಗರಿಗೂ ಕೂಡಲೇ ತೋರಿಸಬೇಕು ಎಂಬ ಎರಡನ್ನು ಮಾತ್ರ ನೀವು ಬರೆಯುವ ಮೇಜಿನ ಎದುರು ಅಂಟಿಸಿಕೊಳ್ಳಬಹುದು.

ಕೋಜಿ ಎನ್ನುವುದರ ಅರ್ಥದ ಬಗ್ಗೆ ನನಗೊಂದು ಕಳವಳವಿದೆ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎರಡು ಮಹಾಯುದ್ಧಗಳ ನಡುವಿನ ಬ್ರಿಟಿಷ್ ಪತ್ತೇದಾರಿ ಕಾದಂಬರಿಗಳಿಂದ ಬೆಳೆದುಬಂದ ಈ ಪ್ರಕಾರಕ್ಕೆ ಇಂದು ತನ್ನದೇ ಆದ ಸಮ್ಮೇಳನಗಳಿವೆ. ಅಮೆರಿಕದಲ್ಲಿ 1989ರಿಂದ ನಡೆದುಬಂದಿರುವ ಮ್ಯಾಲಿಸ್ ಡೊಮೆಸ್ಟಿಕ್ ಸಮ್ಮೇಳನ ಅಗಾಥಾ ಕ್ರಿಸ್ಟಿ ಅವರ ಹೆಸರಿನ ಪ್ರಶಸ್ತಿಗಳನ್ನು ಕೊಡುತ್ತ, ಬಿಚ್ಚು ಕಾಮವರ್ಣನೆಯಾಗಲಿ ಅತಿಯಾದ ಹಿಂಸೆಯಾಗಲಿ ಇಲ್ಲದ ಬರವಣಿಗೆಯನ್ನು ತನ್ನ ವ್ಯಾಪ್ತಿಯೆಂದು ಗುರುತಿಸಿಕೊಂಡಿದೆ. ಹೊಸಬರು ಇದನ್ನು ಓದಿ, ಹಿಂಸೆ ಬೇಡವೆಂದರೆ ಸಾವೂ ಹಗುರವಾಗಿರಬೇಕು ಎಂದು ತಿಳಿಯುತ್ತಾರೆ. ನಾನು ಹಾಗೆ ಎಂದಿಗೂ ಒಪ್ಪಲಾರೆ. ಕೊಲೆಯ ಕ್ರೌರ್ಯವನ್ನು ತೋರಿಸದೆ ಇರಬಹುದು, ಆದರೆ ಒಂದು ಜೀವ ಹೋಯಿತು ಎನ್ನುವುದು ಯಾರಿಗಾದರೂ ನಾಟಬೇಕು. ಒರಟು ಮಾತಿನ ಅಧ್ಯಕ್ಷೆಗೂ ಒಬ್ಬ ತಂಗಿ ಇರಲಿ, ಅವಳು ಅಕ್ಕನ ಕನ್ನಡಕವನ್ನು ಕೈಯಲ್ಲಿ ಹಿಡಿದು ಕುಳಿತಿರುವ ಒಂದು ಪುಟ ಇರಲಿ. ಪರಸ್ಪರ ಪರಿಚಯವಿರುವ ಜನರ ನಡುವೆ ನಂಬಿಕೆ ಮುರಿದುಬೀಳುವುದು, ಅದನ್ನು ಅವರಲ್ಲೊಬ್ಬರು ಕಷ್ಟಪಟ್ಟು ಮತ್ತೆ ಕೂಡಿಸುವುದು, ಈ ಕಥೆಗಳು ಕೊಡುವ ನೆಮ್ಮದಿಯ ಮೂಲ ಇದು. ಮುರಿದದ್ದರ ನೋವು ತಟ್ಟದಿದ್ದರೆ ಕೂಡಿಸಿದ್ದರ ನೆಮ್ಮದಿಯೂ ತಟ್ಟುವುದಿಲ್ಲ. ಅಸಮಾಧಾನಗಳು ಮೂವತ್ತು ವರ್ಷ ಹೇಗೆ ಬದುಕಿರುತ್ತವೆ, ಮರ್ಯಾದೆ ಹೋಗುವ ಭಯಕ್ಕೆ ಒಳ್ಳೆಯವರು ಏನೇನು ಮಾಡಿಬಿಡುತ್ತಾರೆ ಎನ್ನುವುದನ್ನು ಬಲ್ಲ ನಿಮ್ಮ ವಯಸ್ಸಿನ ಲೇಖಕರಿಂದ ನಾನು ಹೆಚ್ಚಾಗಿ ನಿರೀಕ್ಷಿಸುವುದು ಇದನ್ನೇ.

ನಿಮ್ಮ 60 ಪುಟಗಳಿಗೆ ಬರುತ್ತೇನೆ. ತಡವಾಗಿ ಬರೆಯುವವರ ಆರಂಭದಲ್ಲಿ ನಾನು ಪದೇ ಪದೇ ಕಾಣುವ ದೋಷವೆಂದರೆ, ತಮಗೆ ಗೊತ್ತಿರುವುದನ್ನೆಲ್ಲ ಮೊದಲೇ ಹೇಳಿ ಮುಗಿಸುವ ತವಕ. ನಾಯಕಿಯ ನಿವೃತ್ತಿ, ಅವಳ ಮದುವೆ, ಊರಿನ ಹಳೆಯ ಕಥೆ, ನೆರೆಹೊರೆಯವರ ಪರಿಚಯ ಎಲ್ಲವೂ ಒಂದಾದ ಮೇಲೊಂದು ಬರುತ್ತವೆ. ಇವು ನಿಮಗೆ ಬೇಕಾದ ಪುಟಗಳು, ಓದುಗರಿಗೆ ಬೇಕಾದವಲ್ಲ. ಅವನ್ನು ಹರಿಯಬೇಡಿ, ಬೇರೊಂದು ಕಡತದಲ್ಲಿ ಇಟ್ಟು, ಮುಂದೆ ಒಂದೊಂದೇ ವಾಕ್ಯವಾಗಿ ಎಲ್ಲಿ ಬೇಕೋ ಅಲ್ಲಿ ಬಳಸಿ. ಕಾದಂಬರಿ ಸಭೆಯ ಸಂಜೆಯಿಂದಲೇ ಆರಂಭವಾಗಲಿ. ಒಟ್ಟು ಪುಟಗಳ ಎಂಟನೆಯ ಒಂದು ಭಾಗ ಮುಗಿಯುವ ಮೊದಲು ಶವ ಸಿಗಲಿ, ಅರ್ಧದ ಹೊತ್ತಿಗೆ ಅದುವರೆಗಿನ ಊಹೆಯನ್ನು ತಲೆಕೆಳಗು ಮಾಡುವ ಸಂಗತಿಯೊಂದು ಬರಲಿ. ಶಂಕಿತರು ಐದಾರು ಜನ ಸಾಕು. ಅವರ ಹೆಸರುಗಳು ಬೇರೆ ಬೇರೆ ಅಕ್ಷರಗಳಿಂದ ಆರಂಭವಾಗಲಿ, ಇಲ್ಲದಿದ್ದರೆ ಹತ್ತನೆಯ ಅಧ್ಯಾಯದಲ್ಲಿ ಓದುಗರಿಗಷ್ಟೇ ಅಲ್ಲ, ನಿಮಗೂ ಗೊಂದಲವಾಗುತ್ತದೆ.

ನಾಯಕಿ ಏಕೆ ಪತ್ತೆಗೆ ಇಳಿಯುತ್ತಾಳೆ ಎನ್ನುವುದಕ್ಕೆ ಕುತೂಹಲ ಎಂಬ ಉತ್ತರ ಸಾಲದು. ಅವಳಿಗೆ ಬೇಕಾದವರ ಮೇಲೆ ಅನುಮಾನ ಬಂದಿರಬೇಕು ಅಥವಾ ತಾನು ಆಡಿದ ಮಾತಿನಿಂದಲೇ ಈ ಸಾವಾಯಿತೋ ಎಂಬ ಶಂಕೆ ಅವಳನ್ನು ಕಾಡುತ್ತಿರಬೇಕು. ನಮ್ಮ ಉದಾಹರಣೆಯಲ್ಲಿ ಪ್ರವಾಸದ ಉಡುಗೊರೆಯ ಸಲಹೆಯನ್ನು ಅಧ್ಯಕ್ಷೆಗೆ ಕೊಟ್ಟವಳು ಅವಳೇ ಆಗಿದ್ದರೆ ಹೇಗೆ ಎಂದು ಯೋಚಿಸಿ ನೋಡಿ. ಕಥೆಯ ಭಾರವೇ ಬದಲಾಗುತ್ತದೆ. ಪೊಲೀಸರನ್ನು ದಡ್ಡರನ್ನಾಗಿ ಮಾಡುವ ಸುಲಭದ ದಾರಿಯನ್ನು ಹಿಡಿಯಬೇಡಿ. ಅವರು ತಮ್ಮ ಬಳಿ ಇರುವ ಸಾಕ್ಷ್ಯದ ಪ್ರಕಾರ ಸರಿಯಾಗಿಯೇ ಯೋಚಿಸಿ ತಪ್ಪು ತೀರ್ಮಾನಕ್ಕೆ ಬರಲಿ. ಅವರ ಬಳಿ ಇಲ್ಲದ್ದು ಒಳಗಿನವರ ತಿಳಿವಳಿಕೆ. ಕ್ರಿಸ್ಟಿ ಅವರ ಮಿಸ್ ಮಾರ್ಪಲ್ 1930ರಲ್ಲಿ ಮೊದಲ ಬಾರಿಗೆ ಕಾದಂಬರಿಯೊಂದರ ನಾಯಕಿಯಾಗಿ ಬಂದಾಗಿನಿಂದಲೂ ಅನುಸರಿಸಿದ ವಿಧಾನ ಇದೇ: ಎದುರಿಗಿರುವ ಮನುಷ್ಯನನ್ನು ಕಂಡಾಗ, ತನ್ನ ಹಳ್ಳಿಯಲ್ಲಿ ಹಿಂದೆ ಇಂಥದ್ದೇ ಸ್ವಭಾವದ ಯಾರು ಏನು ಮಾಡಿದ್ದರು ಎಂದು ನೆನೆಯುವುದು. ಅದು ವಯಸ್ಸಾದವರಿಗೆ ಮಾತ್ರ ಸಾಧ್ಯವಾಗುವ ತರ್ಕಪದ್ಧತಿ.

ವಿಷ, ಶವಪರೀಕ್ಷೆಗಳ ಚಿಂತೆ ಬೇಡ. ಕ್ರಿಸ್ಟಿ ತಮ್ಮ ಮೊದಲ ಕಾದಂಬರಿಯಲ್ಲಿ ವಿಷವನ್ನು ಬಳಸಿದ್ದು, ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದು ಅದನ್ನು ಅವರು ಬಲ್ಲವರಾಗಿದ್ದರಿಂದ. ನೀವು ಬಲ್ಲದ್ದು ವಹಿ. ಕೊಲೆಯ ವಿಧಾನ ಸರಳವಾಗಿರಲಿ, ಜಾಣತನವೆಲ್ಲ ಪ್ರೇರಣೆಯಲ್ಲೂ ಅವಕಾಶದಲ್ಲೂ ಇರಲಿ. ಸಾವಿನ ಸಮಯದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಶವದ ಸೆಡೆತ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಆರಂಭವಾಗಿ ಸುಮಾರು 12 ಗಂಟೆಗಳ ಹೊತ್ತಿಗೆ ಪೂರ್ಣಗೊಳ್ಳುತ್ತದೆ, ಆದರೆ ಸುತ್ತಲಿನ ಉಷ್ಣತೆಯೂ ಸತ್ತವರ ದೇಹಸ್ಥಿತಿಯೂ ಅದನ್ನು ಬಹಳ ಬದಲಿಸುತ್ತವೆ. ಆದ್ದರಿಂದ ನಿಮ್ಮ ವೈದ್ಯರು ‘ಎಂಟೂ ಹತ್ತು ನಿಮಿಷಕ್ಕೆ’ ಎಂದು ಹೇಳುವಂತಿಲ್ಲ. ‘ಏಳರಿಂದ ಹತ್ತರ ನಡುವೆ’ ಎನ್ನಲಿ, ಆ ಮೂರು ಗಂಟೆಗಳ ಅಂತರವೇ ನಿಮ್ಮ ಆಟದ ಬಯಲು. ಆ ಸಂಜೆಯನ್ನು ಅರ್ಧ ಅರ್ಧ ಗಂಟೆಯ ಸಾಲುಗಳಾಗಿಯೂ ಪಾತ್ರಗಳನ್ನು ಅಂಕಣಗಳಾಗಿಯೂ ಬರೆದು, ಯಾರು ಎಲ್ಲಿದ್ದರು, ಎಲ್ಲಿದ್ದೆವೆಂದು ಹೇಳಿಕೊಂಡರು ಎನ್ನುವ ಎರಡನ್ನೂ ತುಂಬಿ. ಇಂಥ ಪಟ್ಟಿ ನಿಮಗೆ ನೀರು ಕುಡಿದಷ್ಟು ಸುಲಭ. ಕಥೆ ಇಂದಿನದಾದರೆ ಮೊಬೈಲ್ ಫೋನಿನ ಕರೆಗಳನ್ನೂ ಕ್ಯಾಮೆರಾಗಳನ್ನೂ ಅದರಲ್ಲಿ ಸೇರಿಸಿ. ಬೇಕಾದಾಗಲೆಲ್ಲ ನೆಟ್‌ವರ್ಕ್ ಇಲ್ಲವಾಗಿಸುವುದು ಒಂದು ಕಾದಂಬರಿಯಲ್ಲಿ ಒಮ್ಮೆಯೂ ಸಹ್ಯವಲ್ಲ ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ವೃತ್ತಿಯ ಗೋಪ್ಯತೆ ನಿವೃತ್ತಿಯೊಂದಿಗೆ ಮುಗಿಯುವುದಿಲ್ಲ. ನೀವು ಪರಿಶೋಧಿಸಿದ ಯಾವುದೇ ಸಂಸ್ಥೆಯ ನಿಜವಾದ ಪ್ರಕರಣವನ್ನು ಹೆಸರು ಬದಲಿಸಿ ಬರೆಯುವುದು ಬೇಡ. ಮೋಸದ ವಿಧಾನ ಯಾರ ಸ್ವತ್ತೂ ಅಲ್ಲ, ಅದನ್ನು ತೆಗೆದುಕೊಳ್ಳಿ. ಮನುಷ್ಯರನ್ನು ಹೊಸದಾಗಿ ಸೃಷ್ಟಿಸಿ. ಇನ್ನೊಂದು ವೃತ್ತಿದೋಷವನ್ನೂ ಗಮನಿಸಿ. ಪರಿಶೋಧನಾ ವರದಿಯ ಭಾಷೆ ಸಾಕ್ಷ್ಯ ಇರುವಷ್ಟನ್ನೇ ಹೇಳುತ್ತದೆ, ಅದು ಪತ್ತೆಯ ಭಾಗಗಳಿಗೆ ಒಳ್ಳೆಯದು. ಆದರೆ ಅದೇ ಅಭ್ಯಾಸ ಸಂಭಾಷಣೆಗೆ ಬಂದರೆ ಎಲ್ಲ ಪಾತ್ರಗಳೂ ಪೂರ್ಣ ವಾಕ್ಯಗಳಲ್ಲಿ, ಕೇಳಿದ್ದಕ್ಕೆ ನೇರವಾಗಿ ಉತ್ತರಿಸತೊಡಗುತ್ತವೆ. ಬದುಕಿನಲ್ಲಿ ಜನ ಕೇಳಿದ್ದಕ್ಕೆ ಉತ್ತರಿಸುವುದು ಅಪರೂಪ. ಬರೆದ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ, ಪ್ರತಿ ಮಾತಿನ ಮುಕ್ಕಾಲು ಭಾಗವನ್ನು ಮಾತ್ರ ಉಳಿಸಿಕೊಂಡು ನೋಡಿ.

ಎಷ್ಟು ಕಾಲ ಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಇಂಥ ಕಾದಂಬರಿಗಳು ಹೆಚ್ಚಾಗಿ 60,000ದಿಂದ 80,000 ಪದಗಳಷ್ಟಿರುತ್ತವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. 50,000 ಪದಗಳ ಗುರಿ ಇಟ್ಟುಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ 400 ಪದಗಳಂತೆ ಬರೆದರೆ 25 ವಾರಗಳಲ್ಲಿ ಮೊದಲ ಕರಡು ಆಗುತ್ತದೆ. ತಿದ್ದಲು ಅಷ್ಟೇ ಕಾಲವನ್ನು ಮೀಸಲಿಡಿ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಿ, ಪರದೆಯ ಅಕ್ಷರಗಳನ್ನು ದೊಡ್ಡದಾಗಿಟ್ಟುಕೊಳ್ಳಿ, ಮಣಿಕಟ್ಟು ನೋಯುವ ದಿನ ಫೋನಿಗೆ ಹೇಳಿ ಬರೆಸಿ. ಯಾವ ಪಾತ್ರಕ್ಕೆ ಎಡಗೈ ರೂಢಿ, ಯಾರ ಮನೆಗೆ ಎಷ್ಟು ಮೆಟ್ಟಿಲು ಎಂಬ ವಿವರಗಳನ್ನು ನೆನಪಿಗೆ ಬಿಡದೆ ಒಂದು ವಹಿಯಲ್ಲಿ ಬರೆದಿಡಿ. ಇದನ್ನು ಮೂವತ್ತರ ಲೇಖಕರೂ ಮಾಡುತ್ತಾರೆ, ವಯಸ್ಸಿನ ಮಾತಲ್ಲ.

ಪ್ರಕಟಣೆಯ ಬಗ್ಗೆ ಈಗಲೇ ಹೆಚ್ಚು ಯೋಚಿಸಬೇಡಿ. ಒಂದನ್ನು ಮಾತ್ರ ನೆನಪಿಡಿ: ಪ್ರಕಾಶಕರು ಲೇಖಕರಿಗೆ ಹಣ ಕೊಡಬೇಕು. ಹಸ್ತಪ್ರತಿಯನ್ನು ವಿಪರೀತ ಹೊಗಳಿ, ಪ್ರಕಟಿಸಲು ನಿಮ್ಮಿಂದಲೇ ದೊಡ್ಡ ಮೊತ್ತ ಕೇಳುವವರು ನಿವೃತ್ತರ ಉಳಿತಾಯವನ್ನು ಗುರಿಯಾಗಿಸಿಕೊಂಡಿರುತ್ತಾರೆ. ಸ್ವತಃ ಪ್ರಕಟಿಸುವುದು ಗೌರವದ ದಾರಿಯೇ, ಆದರೆ ಅಲ್ಲಿ ಪ್ರತಿ ಖರ್ಚಿನ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಈ ಪ್ರಕಾರದ ಓದುಗರು ಸರಣಿಯನ್ನು ಬಯಸುತ್ತಾರೆ ಎನ್ನುವುದೂ ನಿಜ. ಹಾಗೆಂದು ಪುಟ್ಟ ಸಂಘವೊಂದರಲ್ಲಿ ವರ್ಷಕ್ಕೊಂದು ಕೊಲೆ ನಡೆಯುತ್ತಿದ್ದರೆ ನಂಬುವವರಾರು? 1984ರಿಂದ 1996ರವರೆಗೆ ಪ್ರಸಾರವಾದ ಅಮೆರಿಕದ ದೂರದರ್ಶನ ಸರಣಿಯೊಂದರ ನಾಯಕಿ, ನಿವೃತ್ತ ಶಿಕ್ಷಕಿಯೂ ಪತ್ತೇದಾರಿ ಕಾದಂಬರಿಗಾರ್ತಿಯೂ ಆಗಿದ್ದವಳು, ವಾಸಿಸುತ್ತಿದ್ದ ಕ್ಯಾಬಟ್ ಕೋವ್ ಎಂಬ ಕಾಲ್ಪನಿಕ ಊರಿನ ಹೆಸರು ಈ ತೊಂದರೆಗೇ ಅಂಟಿಕೊಂಡುಬಿಟ್ಟಿದೆ. ನಿಮ್ಮ ನಾಯಕಿ ಪರಿಶೋಧಕಿಯಾದ್ದರಿಂದ ಪ್ರತಿ ಪುಸ್ತಕದಲ್ಲೂ ಬೇರೊಂದು ಸಂಸ್ಥೆಯ ವಹಿಗಳನ್ನು ನೋಡಲು ಬೇರೊಂದು ಊರಿಗೆ ಹೋಗಬಹುದು. ಈ ಅನುಕೂಲ ಎಲ್ಲ ವೃತ್ತಿಗಳಿಗೂ ಇಲ್ಲ.

ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಕೇಳಿದರೆ, ಆರನೆಯ ಅಧ್ಯಾಯವನ್ನು ಬರೆಯಬೇಡಿ ಎನ್ನುತ್ತೇನೆ. ಕೊಲೆಗಾರನೇ ‘ನಾನು’ ಎಂದು ಹೇಳಿಕೊಳ್ಳುವಂತೆ ಹತ್ತು ಪುಟ ಬರೆಯಿರಿ: ಮೊದಲ ಬಾರಿಗೆ ಎಷ್ಟು ಹಣ ತೆಗೆದುಕೊಂಡ, ಯಾವ ಕಷ್ಟಕ್ಕೆ, ಮರಳಿಸುತ್ತೇನೆಂದು ಎಷ್ಟು ದಿನ ನಂಬಿದ್ದ, ಸಭೆಯಲ್ಲಿ ಚಪ್ಪಾಳೆ ಬೀಳುತ್ತಿದ್ದಾಗ ಅವನ ಹೆಂಡತಿಯ ಮುಖ ಹೇಗಿತ್ತು, ಮುಂದಿನ ನಾಲ್ಕು ರಾತ್ರಿಗಳನ್ನು ಅವನು ಹೇಗೆ ಕಳೆದ. ಈ ಪುಟಗಳು ಪುಸ್ತಕದಲ್ಲಿ ಬರುವುದಿಲ್ಲ, ಮಗಳಿಗೂ ತೋರಿಸಬೇಡಿ. ಅವನ ಮೇಲೆ ನಿಮಗೆ ಕನಿಕರ ಹುಟ್ಟುವವರೆಗೆ ಬರೆಯಿರಿ, ಏಕೆಂದರೆ ಆಮೇಲೆ ಅವನು ನಿಮ್ಮ ಪುಟಗಳಿಗೆ ಬಂದಾಗ ನಿಮ್ಮ ವಾಕ್ಯಗಳಲ್ಲಿ ಆ ಎಚ್ಚರ ಇರುವುದಿಲ್ಲ. ಮೊದಲ ಮೂರು ಅಧ್ಯಾಯಗಳನ್ನು ಹೊಸದಾಗಿ ಬರೆದ ಮೇಲೆ ಮಗಳಿಗೆ ಕೊಟ್ಟು, ಕೊಲೆಗಾರ ಯಾರೆಂದು ಕೇಳದೆ, ಈ ಜನರಲ್ಲಿ ನಿನ್ನ ಹಣವನ್ನು ನಂಬಿ ಯಾರ ಕೈಗೆ ಕೊಡುತ್ತೀಯೆಂದು ಕೇಳಿ. ಅವಳು ಖಜಾಂಚಿಯ ಹೆಸರನ್ನು ಹೇಳಿದರೆ ನಾಲ್ಕನೆಯ ಅಧ್ಯಾಯಕ್ಕೆ ಹೋಗಬಹುದು.